ಅಳತೆಗೋಲಿಗೂ ವಯಸ್ಸಾಗುತ್ತದೆ

1990ರ ಜನವರಿ 1ರಂದು ಅಮೆರಿಕದ ಪ್ರಯೋಗಾಲಯಗಳಲ್ಲಿ ‘10 ವೋಲ್ಟ್’ ಎಂಬ ಚೀಟಿ ಹೊತ್ತು ಕೂತಿದ್ದ ಪೆಟ್ಟಿಗೆಗಳೆಲ್ಲ ಒಮ್ಮೆಗೇ 9.9999074 ವೋಲ್ಟ್‌ನವಾಗಿಬಿಟ್ಟವು. ಯಾರೂ ಅವನ್ನು ಮುಟ್ಟಿರಲಿಲ್ಲ, ಒಳಗಿನ ಒಂದು ತಂತಿಯೂ ಅಲುಗಿರಲಿಲ್ಲ. ಬದಲಾದದ್ದು ವೋಲ್ಟ್ ಎಂಬ ಅಳತೆಯೇ. ಎಲ್ಲ ದೇಶಗಳ ವೋಲ್ಟೂ ಒಂದೇ ಆಗಿರಬೇಕೆಂಬ ಅಂತರರಾಷ್ಟ್ರೀಯ ತೀರ್ಮಾನ ಅಂದು ಜಾರಿಗೆ ಬಂತು. ಅದಕ್ಕೆ ಹೊಂದಿಕೊಳ್ಳಲು ಅಮೆರಿಕ ತನ್ನ ವೋಲ್ಟನ್ನು ಹತ್ತು ಲಕ್ಷಕ್ಕೆ 9.264 ಭಾಗದಷ್ಟು ತಿದ್ದಿಕೊಂಡಿತು, ಫ್ರಾನ್ಸ್ 6.741 ಭಾಗ, ಸೋವಿಯತ್ ಒಕ್ಕೂಟ 3.565 ಭಾಗ.

ಅಂದರೆ ಹಿಂದಿನ ದಿನದ ತನಕ ವಾಷಿಂಗ್ಟನ್ನಿನ ವೋಲ್ಟೇ ಬೇರೆ, ಮಾಸ್ಕೋದ ವೋಲ್ಟೇ ಬೇರೆ. ಈ ಅಂತರ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ದಶಕಗಳ ಕಾಲ ಒಂದೊಂದು ದೇಶವೂ ಗಾಜಿನ ಕೋಶಗಳಲ್ಲಿ ಜತನದಿಂದ ಕಾಪಾಡಿಕೊಂಡು ಬಂದ ವೋಲ್ಟ್ ಒಂದೊಂದು ಪ್ರಮಾಣದಲ್ಲಿ ತನ್ನ ಜಾಗ ಬಿಟ್ಟು ಸರಿದಿತ್ತು. ಎಂಜಿನಿಯರುಗಳು ಇದನ್ನು ಡ್ರಿಫ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಜಾರಿಕೆ ಎಂದರೆ ಅರ್ಥವಾಗುತ್ತದೆ.

ಹತ್ತು ಲಕ್ಷಕ್ಕೆ ಒಂದು ಭಾಗ, ಅಂದರೆ ಒಂದು ಪಿಪಿಎಂ, ಎಷ್ಟು ಸಣ್ಣದು? ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರ್. ಅಷ್ಟು ದಾರಿಯನ್ನು ಅಳೆದು ಮುಗಿಸುವಾಗ ಒಂದು ಗೇಣಿಗಿಂತಲೂ ಕಡಿಮೆ ತಪ್ಪಿದರೆ ಅದು ಒಂದು ಪಿಪಿಎಂ. ಇಷ್ಟು ಸಣ್ಣ ತಪ್ಪಿನ ಬಗ್ಗೆ ದಿನಪತ್ರಿಕೆಯಲ್ಲಿ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣ ಇದೆ. ಕಾರ್ಖಾನೆ, ಆಸ್ಪತ್ರೆ, ವಿದ್ಯುತ್ ಕಂಪನಿ, ಕಾಲೇಜು ಎಲ್ಲವೂ ಅಳೆಯುವ ಉಪಕರಣಗಳನ್ನು ಕೊಳ್ಳುತ್ತವೆ. ಕೊಂಡ ದಿನದ ನಿಖರತೆಗೆ ಹಣ ಕೊಡುತ್ತವೆ. ಆ ಉಪಕರಣಕ್ಕೆ ವಯಸ್ಸಾಗುತ್ತದೆ ಎಂಬುದಕ್ಕೆ ಹಣವನ್ನೂ ಎತ್ತಿಡುವುದಿಲ್ಲ, ಪುಸ್ತಕವನ್ನೂ ಇಡುವುದಿಲ್ಲ. ಈ ಅಭ್ಯಾಸ ಬದಲಾಗಲೇಬೇಕು. ಯಾಕೆ ಎಂಬುದನ್ನು ವೋಲ್ಟಿನ ಕಥೆಯಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು.

ಯಾವುದೇ ಡಿಜಿಟಲ್ ಮೀಟರ್ ತಾನಾಗಿ ಏನನ್ನೂ ಅಳೆಯುವುದಿಲ್ಲ, ಹೋಲಿಸುತ್ತದೆ ಅಷ್ಟೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಈರುಳ್ಳಿ, ಇನ್ನೊಂದರಲ್ಲಿ ತೂಕದ ಕಲ್ಲು ಇರುವ ಹಾಗೆ, ಮೀಟರಿನ ಒಂದು ಕಡೆ ಹೊರಗಿನಿಂದ ಬಂದ ವೋಲ್ಟೇಜ್, ಇನ್ನೊಂದು ಕಡೆ ಒಳಗೇ ಇರುವ ಒಂದು ಗೊತ್ತಾದ ವೋಲ್ಟೇಜ್. ಆ ಒಳಗಿನದಕ್ಕೆ ವೋಲ್ಟೇಜ್ ರೆಫರೆನ್ಸ್ ಎಂದು ಹೆಸರು. ಮೊಬೈಲ್ ಚಾರ್ಜರಿನಿಂದ ಹಿಡಿದು ಉಪಗ್ರಹದ ತನಕ ವೋಲ್ಟೇಜನ್ನು ನಿಯಂತ್ರಿಸುವ, ಅಳೆಯುವ ಪ್ರತಿಯೊಂದು ಸರ್ಕೀಟಿನಲ್ಲೂ ಇಂಥದ್ದೊಂದು ಕಲ್ಲು ಕೂತಿದೆ. ಕಲ್ಲು ಸವೆದರೆ ಪರದೆಯ ಮೇಲಿನ ಎಂಟು ಅಂಕಿಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ.

ಉದ್ದವನ್ನು ಕಲ್ಲಿನಲ್ಲಿ ಕೊರೆದಿಡಬಹುದು. ಕರ್ನಾಟಕದ ಶಾಸನಗಳಲ್ಲಿ ಭೂಮಿ ಅಳೆಯುವ ‘ಗಳೆ’ಗಳ ಹೆಸರು ಮತ್ತೆ ಮತ್ತೆ ಬರುತ್ತದೆ, ಕೋಲು ಕಳೆದರೂ ಅಳತೆ ಕಳೆಯಬಾರದು ಎಂಬ ಎಚ್ಚರ ಹಿಂದಿನವರಿಗಿತ್ತು. ವೋಲ್ಟನ್ನು ಕಲ್ಲಿನಲ್ಲಿ ಕೊರೆಯಲಾಗದು. ಅದನ್ನು ಹುಟ್ಟಿಸುತ್ತಲೇ ಇರಬೇಕು, ಹುಟ್ಟಿಸುವ ವಸ್ತು ತನ್ನ ಸ್ವಭಾವ ಬದಲಿಸದಂತೆ ನೋಡಿಕೊಳ್ಳಬೇಕು. ನೂರೈವತ್ತು ವರ್ಷಗಳ ಪ್ರಯತ್ನವೆಲ್ಲ ಇದಕ್ಕಾಗಿಯೇ ನಡೆದದ್ದು.

1870ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಲ್ಯಾಟಿಮರ್ ಕ್ಲಾರ್ಕ್ ಸತು ಮತ್ತು ಪಾದರಸದ ಕೋಶವೊಂದನ್ನು ಮಾಡಿದರು. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 1.434 ವೋಲ್ಟ್ ಕೊಡುತ್ತಿತ್ತು. 1893ರಲ್ಲಿ ಷಿಕಾಗೋದಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ಅದನ್ನೇ ಮಾನಕವೆಂದು ಒಪ್ಪಿತು. ಆದರೆ ಕೋಣೆ ಬಿಸಿಯಾದರೆ ಅದರ ವೋಲ್ಟೇಜ್ ಗಣನೀಯವಾಗಿ ಇಳಿಯುತ್ತಿತ್ತು. ಅದೇ 1893ರಲ್ಲಿ ಎಡ್ವರ್ಡ್ ವೆಸ್ಟನ್ ಸತುವಿನ ಬದಲು ಕ್ಯಾಡ್ಮಿಯಂ ಬಳಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಈ ರಸಾಯನಶಾಸ್ತ್ರಜ್ಞನ ಕೋಶ ನೋಡಲು ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದ ಗಾಜಿನ ಕೊಳವೆ. ಒಂದು ಕಾಲಿನಲ್ಲಿ ಪಾದರಸ, ಇನ್ನೊಂದರಲ್ಲಿ ಕ್ಯಾಡ್ಮಿಯಂ ಬೆರೆತ ಪಾದರಸ, ಮೇಲೆ ಕ್ಯಾಡ್ಮಿಯಂ ಸಲ್ಫೇಟಿನ ದ್ರಾವಣ. 20 ಡಿಗ್ರಿಯಲ್ಲಿ 1.0183 ವೋಲ್ಟ್. 1911ರಿಂದ ಇದೇ ಅಂತರರಾಷ್ಟ್ರೀಯ ಮಾನಕವಾಯಿತು. ವೆಸ್ಟನ್ ತಮ್ಮ ಪೇಟೆಂಟ್ ಹಕ್ಕನ್ನು ಬಿಟ್ಟುಕೊಟ್ಟರು.

ವೆಸ್ಟನ್ ಕೋಶ ಬಾಣಂತಿಯಷ್ಟು ಆರೈಕೆ ಕೇಳುವ ವಸ್ತು. ಅದರಿಂದ ಕರೆಂಟ್ ಎಳೆಯುವಂತಿಲ್ಲ. ಅಲುಗಿಸುವಂತಿಲ್ಲ, ಓರೆ ಮಾಡುವಂತಿಲ್ಲ. ಒಂದು ಡಿಗ್ರಿ ಬಿಸಿ ಹೆಚ್ಚಾದರೆ ಸುಮಾರು 40 ಮೈಕ್ರೋವೋಲ್ಟ್ ಇಳಿಯುತ್ತದೆ. ಪ್ರಯಾಣದಲ್ಲಿ ಕುಲುಕಿದರೆ ಚೇತರಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಆದ್ದರಿಂದ ರಾಷ್ಟ್ರೀಯ ಪ್ರಯೋಗಾಲಯಗಳು ಇಂಥ ಹಲವು ಕೋಶಗಳನ್ನು ಎಣ್ಣೆಯ ತೊಟ್ಟಿಯಲ್ಲಿ ಒಂದೇ ಉಷ್ಣತೆಯಲ್ಲಿಟ್ಟು, ಒಂದನ್ನೊಂದು ಹೋಲಿಸಿ, ಗುಂಪಿನ ಸರಾಸರಿಯನ್ನೇ ‘ದೇಶದ ವೋಲ್ಟ್’ ಎಂದು ಕರೆದವು.

ತೊಡಕು ಇರುವುದೇ ಇಲ್ಲಿ. ಹತ್ತು ಕೋಶಗಳಲ್ಲಿ ಒಂದು ಹದ ತಪ್ಪಿದರೆ ಉಳಿದ ಒಂಬತ್ತು ಅದನ್ನು ಹಿಡಿದುಕೊಡುತ್ತವೆ. ಹತ್ತೂ ಒಂದೇ ಕಾರಣಕ್ಕೆ, ಒಂದೇ ದಿಕ್ಕಿಗೆ ಮೆಲ್ಲಗೆ ಜಾರಿದರೆ? ಸಂಗೀತ ಕಚೇರಿಯಲ್ಲಿ ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತಾ ಹೋದರೆ ಹಾಡುವವರೂ ಅದರ ಜೊತೆಗೇ ಇಳಿಯುತ್ತಾರೆ, ಪಿಟೀಲೂ ಇಳಿಯುತ್ತದೆ, ಸಭೆಗೆ ಅಪಸ್ವರ ಕೇಳಿಸುವುದೇ ಇಲ್ಲ. ಒಟ್ಟಾಗಿ ಆಗುವ ಜಾರಿಕೆ ಒಳಗಿನವರಿಗೆ ಕಾಣುವುದಿಲ್ಲ. ಅದನ್ನು ತೋರಿಸಲು ಹೊರಗಿನದೊಂದು ಸ್ವರ ಬೇಕು.

ಕಿಲೋಗ್ರಾಂಗೂ ಇದೇ ಆಯಿತು. 1889ರಿಂದ ಪ್ಯಾರಿಸ್ಸಿನ ಹತ್ತಿರದ ಸೆವ್ರ್‌ನಲ್ಲಿ ಕಾಪಾಡಿದ್ದ ಪ್ಲಾಟಿನಂ-ಇರಿಡಿಯಂ ಮೂಲ ತೂಕಕ್ಕೂ ಅದರ ನಕಲುಗಳಿಗೂ ಸುಮಾರು ನೂರು ವರ್ಷದಲ್ಲಿ 50 ಮೈಕ್ರೋಗ್ರಾಂ ಆಸುಪಾಸಿನ ವ್ಯತ್ಯಾಸ ಬಂದದ್ದು ಕಂಡಿತು. ಮೂಲ ಹಗುರಾಯಿತೋ, ನಕಲುಗಳು ಭಾರವಾದವೋ, ತೂಗಿ ಹೇಳುವ ದಾರಿ ಇರಲಿಲ್ಲ.

ವೋಲ್ಟಿಗೆ ಹೊರಗಿನ ಸ್ವರ ಸಿಕ್ಕಿದ್ದು ಒಬ್ಬ ವಿದ್ಯಾರ್ಥಿಯಿಂದ. 1962ರಲ್ಲಿ ಕೇಂಬ್ರಿಜ್‌ನ ಬ್ರಯಾನ್ ಜೋಸೆಫ್‌ಸನ್‌ಗೆ 22 ವರ್ಷ. ಎರಡು ಅತಿವಾಹಕಗಳ ನಡುವೆ ಬಹಳ ತೆಳುವಾದ ನಿರೋಧಕ ಪದರವಿಟ್ಟು ಅದರ ಮೇಲೆ ಮೈಕ್ರೋವೇವ್ ಹಾಯಿಸಿದರೆ, ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಎಂದು ಅವರು ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದರು. 1973ರಲ್ಲಿ ನೊಬೆಲ್ ಬಂತು. ಪ್ರತಿ ಮೆಟ್ಟಿಲಿನ ಎತ್ತರವನ್ನು ನಿರ್ಧರಿಸುವುದು ಎರಡೇ: ಮೈಕ್ರೋವೇವ್‌ನ ಕಂಪನಾಂಕ ಮತ್ತು ಪ್ರಕೃತಿಯ ಎರಡು ಸ್ಥಿರಾಂಕಗಳ ಅನುಪಾತ. ವಸ್ತು ಯಾವುದು, ಯಾರು ಮಾಡಿದ್ದು, ಎಷ್ಟು ಹಳೆಯದು ಎಂಬ ಯಾವುದೂ ಲೆಕ್ಕಕ್ಕಿಲ್ಲ. 75 ಗಿಗಾಹರ್ಟ್ಸ್‌ನಲ್ಲಿ ಒಂದು ಮೆಟ್ಟಿಲು ಸುಮಾರು 155 ಮೈಕ್ರೋವೋಲ್ಟ್. ಹತ್ತು ವೋಲ್ಟ್ ಮುಟ್ಟಲು ಸುಮಾರು 20,000 ಸಂಧಿಗಳನ್ನು ಒಂದೇ ಚಿಪ್ಪಿನ ಮೇಲೆ ಸಾಲಾಗಿ ಜೋಡಿಸಿ, ದ್ರವ ಹೀಲಿಯಂನಲ್ಲಿ ಮುಳುಗಿಸಿ, ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ ಇಡುತ್ತಾರೆ.

1990ರಲ್ಲಿ ದೇಶಗಳು ಒಪ್ಪಿಕೊಂಡದ್ದು ಈ ಅನುಪಾತದ ಅಂಕಿಯನ್ನು: ವೋಲ್ಟಿಗೆ 483597.9 ಗಿಗಾಹರ್ಟ್ಸ್. 2019ರ ಮೇ 20ರಂದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ವಿದ್ಯುದಂಶಗಳನ್ನೇ ನಿಶ್ಚಿತ ಅಂಕಿಗಳೆಂದು ಘೋಷಿಸಿದಾಗ ಅದು ಇನ್ನೊಮ್ಮೆ, ಹತ್ತು ಲಕ್ಷಕ್ಕೆ 0.107 ಭಾಗದಷ್ಟು, ಸರಿಹೋಯಿತು. ಇನ್ನು ಮೇಲೆ ಮೂಲ ವೋಲ್ಟ್ ಜಾರುವುದಿಲ್ಲ. ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಈ ಜೋಸೆಫ್‌ಸನ್ ಮಾನಕವನ್ನು ಕಾಪಾಡುತ್ತಿದೆ.

ಆದರೆ ದ್ರವ ಹೀಲಿಯಂನ ಪಾತ್ರೆಯನ್ನು ಪೀಣ್ಯದ ಕಾರ್ಖಾನೆಗೆ ಹೊತ್ತು ತರಲಾಗದು. ಮೇಲೆ ಪ್ರಕೃತಿಯ ಸ್ಥಿರಾಂಕ, ಕೆಳಗೆ ಕಾರ್ಖಾನೆಯ ಮೀಟರ್. ನಡುವಿನ ಸೇತುವೆ ಸಿಲಿಕಾನಿನದು. ಆ ಸಿಲಿಕಾನಿಗೆ ವಯಸ್ಸಾಗುತ್ತದೆ.

ಸೇತುವೆಯ ಹೆಸರು ಝೀನರ್ ಡಯೋಡ್. ಒಂದು ಮಿತಿಯ ವೋಲ್ಟೇಜ್ ದಾಟುತ್ತಿದ್ದಂತೆ ಹಿಮ್ಮುಖವಾಗಿ ಕರೆಂಟ್ ಹರಿಯಲು ಬಿಡುವ, ಆ ಮಿತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಗುಣ ಅದಕ್ಕಿದೆ. ಸಾಮಾನ್ಯ ಝೀನರ್‌ನಲ್ಲಿ ಈ ಕ್ರಿಯೆ ಚಿಪ್ಪಿನ ಮೇಲ್ಮೈಯಲ್ಲೇ ನಡೆಯುತ್ತದೆ. ಅಲ್ಲಿ ಸಿಲಿಕಾನಿಗೆ ಆಕ್ಸೈಡ್ ಪದರ ತಾಗಿಕೊಂಡಿರುತ್ತದೆ. ಆ ಪದರದಲ್ಲಿ ಸಿಕ್ಕಿಬಿದ್ದ ವಿದ್ಯುದಂಶಗಳು ಅತ್ತಿತ್ತ ಸರಿದಾಡಿದಂತೆಲ್ಲ ವೋಲ್ಟೇಜೂ ಸರಿದಾಡುತ್ತದೆ. 1970ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ರಾಬರ್ಟ್ ಡಾಬ್‌ಕಿನ್ ಇದಕ್ಕೆ ಉತ್ತರವಾಗಿ ಎಲ್‌ಎಂ199 ಎಂಬ ಚಿಪ್ ರೂಪಿಸಿದರು. ಝೀನರನ್ನು ಮೇಲ್ಮೈಯಿಂದ ಕೆಳಗಿಳಿಸಿ ಸಿಲಿಕಾನಿನ ಒಡಲಲ್ಲಿ ಹುದುಗಿಸಿದರು. ಅದೇ ಚಿಪ್ಪಿನ ಮೇಲೊಂದು ಪುಟ್ಟ ಹೀಟರ್ ಇಟ್ಟು, ಹೊರಗೆ ಚಳಿಯಿರಲಿ ಸೆಕೆಯಿರಲಿ ಒಳಗಿನ ಉಷ್ಣತೆ ಒಂದೇ ಆಗಿರುವಂತೆ ಮಾಡಿದರು. ಮುಂದೆ ಲೀನಿಯರ್ ಟೆಕ್ನಾಲಜಿ ಕಂಪನಿಯಿಂದ ಅದರ ತಮ್ಮನಂತೆ ಎಲ್‌ಟಿಝೆಡ್1000 ಬಂತು. 1980ರ ದಶಕದ ಆ ಚಿಪ್ಪನ್ನು ನಿಖರ ಅಳತೆಯ ಜಗತ್ತು ಇಂದಿಗೂ ಬಳಸುತ್ತಿದೆ.

ಎಲ್‌ಟಿಝೆಡ್1000 ಜಾರುವ ಬಗೆಯನ್ನು ಅದರ ಮಾಹಿತಿ ಪತ್ರ ವಿಚಿತ್ರವಾದ ಏಕಮಾನದಲ್ಲಿ ಹೇಳುತ್ತದೆ: ಸಾವಿರ ಗಂಟೆಗಳ ವರ್ಗಮೂಲಕ್ಕೆ 2 ಮೈಕ್ರೋವೋಲ್ಟ್. ಹೊಸ ತಂತಿ ಬಿಗಿದ ತಂಬೂರಿ ಇಟ್ಟುಕೊಂಡವರಿಗೆ ಈ ವರ್ಗಮೂಲದ ಅರ್ಥ ಕೂಡಲೇ ಹೊಳೆಯುತ್ತದೆ. ಮೊದಲ ದಿನಗಳಲ್ಲಿ ತಂತಿ ಬೇಗ ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗಿ ನೆಲೆ ಕಾಣುತ್ತದೆ. ಮೊದಲ 1,000 ಗಂಟೆಗಳಲ್ಲಿ, ಅಂದರೆ ಸುಮಾರು 42 ದಿನಗಳಲ್ಲಿ, ಎಷ್ಟು ಜಾರುತ್ತದೋ ಅಷ್ಟೇ ಜಾರಲು ಮುಂದೆ 3,000 ಗಂಟೆ ಹಿಡಿಯುತ್ತದೆ. ಒಂದು ವರ್ಷಕ್ಕೆ 8,760 ಗಂಟೆ; ಆ ಲೆಕ್ಕದಲ್ಲಿ ಮೊದಲ ವರ್ಷಕ್ಕೆ ಸುಮಾರು 6 ಮೈಕ್ರೋವೋಲ್ಟ್. ಏಳು ವೋಲ್ಟ್ ಚಿಲ್ಲರೆಯ ಝೀನರಿನಲ್ಲಿ ಅದು ಒಂದು ಪಿಪಿಎಂಗಿಂತಲೂ ಕಡಿಮೆ.

ಯಾಕೆ ಜಾರುತ್ತದೆ ಎಂದರೆ ಉತ್ತರ ಒಂದಲ್ಲ. ಸಿಲಿಕಾನಿನೊಳಗೆ ಪರಮಾಣುಗಳು, ದೋಷಗಳು ವರ್ಷಗಟ್ಟಲೆ ನಿಧಾನವಾಗಿ ಜಾಗ ಹುಡುಕಿಕೊಳ್ಳುತ್ತವೆ. ಬಿಸಿ ಹೆಚ್ಚಿದಷ್ಟೂ ಈ ಓಡಾಟ ಚುರುಕು. ಹಾಗಾಗಿ ಹೀಟರಿನ ಉಷ್ಣತೆಯನ್ನು ಎಷ್ಟು ಕಡಿಮೆಗೆ ಇಡಲು ಸಾಧ್ಯವೋ ಅಷ್ಟು ಕಡಿಮೆಗೆ ಇಡುವುದು ಜಾಣತನ. ಚಿಪ್ಪನ್ನು ಹೊದಿಕೆಗೆ ಅಂಟಿಸಿದಾಗ ಬಿದ್ದ ಒತ್ತಡ ಸಡಿಲವಾಗುತ್ತಾ ಬರುತ್ತದೆ. ಸುತ್ತಲಿನ ರೆಸಿಸ್ಟರುಗಳಿಗೂ ವಯಸ್ಸಾಗುತ್ತದೆ. ಕಾಲುಗಳನ್ನು ಬೆಸೆದ ಬೋರ್ಡ್ ಸ್ವಲ್ಪ ಬಾಗಿದರೂ ಸಿಲಿಕಾನಿಗೆ ಒತ್ತಡ ತಟ್ಟುತ್ತದೆ, ವೋಲ್ಟೇಜ್ ಬದಲಾಗುತ್ತದೆ. ಎಚ್ಚರದ ವಿನ್ಯಾಸಕರು ರೆಫರೆನ್ಸಿನ ಸುತ್ತ ಬೋರ್ಡಿನಲ್ಲಿ ಸೀಳು ಕೊರೆದು ಅದನ್ನೊಂದು ದ್ವೀಪವಾಗಿ ಬಿಡುವುದು ಇದಕ್ಕೇ.

ಅಗ್ಗದ ರೆಫರೆನ್ಸುಗಳಿಗೆ ಇನ್ನೊಂದು ಕಾಟವಿದೆ, ತೇವ. ಮಳೆಗಾಲದಲ್ಲಿ ಕರಾವಳಿಯ ಮನೆಗಳ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಪ್ಲಾಸ್ಟಿಕ್ ಹೊದಿಕೆಯ ಚಿಪ್ಪಿನೊಳಗೂ ನಡೆಯುವುದು ಅದೇ. ಹೊದಿಕೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಳಗಿನ ಸಿಲಿಕಾನನ್ನು ಹಿಂಡುತ್ತದೆ. ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ. ಅಂಥ ಮೀಟರನ್ನು ಜುಲೈನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಪರೀಕ್ಷಿಸಿದರೆ ಎರಡು ಬೇರೆ ಉತ್ತರ ಬಂದರೂ ಆಶ್ಚರ್ಯವಿಲ್ಲ. ಗಾಳಿಯಾಡದಂತೆ ಮುಚ್ಚಿದ ಲೋಹದ ಡಬ್ಬಿಯ ಚಿಪ್ಪಿಗೆ ಈ ಕಾಟವಿಲ್ಲ. ಬೆಲೆ ಮಾತ್ರ ಹೆಚ್ಚು.

ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವೋಲ್ಟ್ ಹೊತ್ತೊಯ್ಯುವ ಪೆಟ್ಟಿಗೆಗಳಲ್ಲಿ ಹೆಸರಾದದ್ದು ಫ್ಲೂಕ್ 732ಬಿ. ವರ್ಷಕ್ಕೆ 2 ಪಿಪಿಎಂ ಒಳಗೆ ಇರುತ್ತೇನೆಂಬುದು ಅದರ ಭರವಸೆ. ಒಳಗಿನ ಒಲೆಯನ್ನು ಆರಿಸಿ ಮತ್ತೆ ಹೊತ್ತಿಸಿದರೆ ವೋಲ್ಟ್ ಮೊದಲಿನ ಜಾಗಕ್ಕೇ ಮರಳುತ್ತದೆಂಬ ಖಾತ್ರಿಯಿಲ್ಲ. ಅದಕ್ಕೇ ಅದಕ್ಕೆ ಮೂರು ದಿನ ಬಾಳುವ ಬ್ಯಾಟರಿ. ವಿಮಾನದಲ್ಲಿರಲಿ ರೈಲಿನಲ್ಲಿರಲಿ, ನಂದಾದೀಪದಂತೆ ಉರಿಯುತ್ತಲೇ ಅದು ಪ್ರಯಾಣ ಮಾಡುತ್ತದೆ.

ಈ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರಿಗೆ ತಿಳಿದ ಒಂದು ಗುಟ್ಟು ಆಡಳಿತಗಾರರಿಗೆ ತಲುಪಬೇಕಿದೆ. ಒಳ್ಳೆಯ ಪ್ರಯೋಗಾಲಯ ಜಾರಿದ ರೆಫರೆನ್ಸನ್ನು ತಿರುಗಿಸಿ ತಿರುಗಿಸಿ 10ಕ್ಕೆ ತಂದು ನಿಲ್ಲಿಸುವುದಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟು, ‘ಈ ದಿನ ಇದರ ಬೆಲೆ 10.0000132’ ಎಂಬಂತೆ ಬರೆದಿಡುತ್ತದೆ. ಐದು ವರ್ಷ ಹೀಗೆ ಬರೆದರೆ ಒಂದು ಗೆರೆ ಮೂಡುತ್ತದೆ. ಆರನೆಯ ವರ್ಷದ ಬೆಲೆಯನ್ನು ಆ ಗೆರೆಯೇ ಮುಂಚಿತವಾಗಿ ಹೇಳುತ್ತದೆ. ಆಗ ಜಾರುವ ಪೆಟ್ಟಿಗೆ ಕೂಡ ನಂಬಿಕೆಗೆ ಅರ್ಹ. ಪ್ರತಿ ವರ್ಷ ತಿರುಪು ತಿರುಗಿಸಿ ಶುದ್ಧ 10 ಮಾಡಿಸಿಕೊಂಡು ಬರುವ ಸಂಸ್ಥೆಗೆ ಸುಂದರವಾದ ಸರ್ಟಿಫಿಕೇಟ್ ಸಿಗುತ್ತದೆ, ಗೆರೆ ಅಳಿಸಿಹೋಗುತ್ತದೆ. ಕಳೆದ ವರ್ಷವಿಡೀ ಆ ಮೀಟರ್ ಹೇಳಿದ್ದು ಎಷ್ಟು ತಪ್ಪು ಎಂಬ ಪ್ರಶ್ನೆಗೆ ಉತ್ತರವೂ ಅದರ ಜೊತೆಗೇ ಹೋಗುತ್ತದೆ.

ಹೀಗಾಗಿ ಮೊದಲ ಬೇಡಿಕೆ ಸರಳ. ಕ್ಯಾಲಿಬ್ರೇಷನ್, ಅಂದರೆ ಮಾನಕಕ್ಕೆ ಹೋಲಿಸಿ ನೋಡುವ ಪರೀಕ್ಷೆಯ, ಸರ್ಟಿಫಿಕೇಟಿನಲ್ಲಿ ಉಪಕರಣ ಬಂದಾಗ ಎಷ್ಟು ತೋರಿಸುತ್ತಿತ್ತು, ತಿದ್ದಿದ ಮೇಲೆ ಎಷ್ಟು ತೋರಿಸಿತು, ಎರಡೂ ಇರಬೇಕು. ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 17025 ಲಭ್ಯವಿದ್ದಲ್ಲಿ ಈ ಎರಡೂ ಫಲಿತಾಂಶಗಳನ್ನು ವರದಿಯಲ್ಲಿ ಕೊಡಲು ಹೇಳುತ್ತದೆ. ‘ಲಭ್ಯವಿದ್ದಲ್ಲಿ’ ಎಂಬ ಆ ಮಾತನ್ನು ಕೊಳ್ಳುವವರು ಒಪ್ಪಬಾರದು. ಸರ್ಕಾರಿ ಖರೀದಿ ಆದೇಶದಲ್ಲಿ ‘ತಿದ್ದುವ ಮುನ್ನದ ಬೆಲೆ ಕಡ್ಡಾಯ’ ಎಂಬ ಒಂದು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ.

ಎರಡನೆಯದು ಹಣದ ಮಾತು. 1980ರ ದಶಕದ ಕೊನೆಯಲ್ಲಿ ಎಚ್‌ಪಿ ಕಂಪನಿ ಹೊರತಂದ 3458ಎ ಮಲ್ಟಿಮೀಟರ್ ಇಂದಿಗೂ ಪ್ರಯೋಗಾಲಯಗಳ ನೆಚ್ಚಿನದು. ಅದರ ರೆಫರೆನ್ಸ್ ವರ್ಷಕ್ಕೆ 8 ಪಿಪಿಎಂ ಒಳಗಿರುವ ಭರವಸೆಯೊಂದಿಗೆ ಬರುತ್ತದೆ. ಹೆಚ್ಚು ಬೆಲೆ ಕೊಟ್ಟರೆ 4 ಪಿಪಿಎಂ ಭರವಸೆಯದು ಸಿಗುತ್ತದೆ. ಮೀಟರ್ ಅದೇ, ಅಂಕಿಗಳು ಅಷ್ಟೇ. ಹೆಚ್ಚುವರಿ ಹಣ ಹೋಗುವುದು ವರ್ಷದ ಕೊನೆಯಲ್ಲೂ ಅಂಕಿ ನಿಲ್ಲುತ್ತದೆ ಎಂಬ ಮಾತಿಗೆ. ತಯಾರಕರೇ ಕಾಲಕ್ಕೆ ಹೀಗೆ ಬೆಲೆ ಕಟ್ಟಿರುವಾಗ ಕೊಳ್ಳುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ತಪ್ಪು. ಪಾಲಿಟೆಕ್ನಿಕ್‌ಗೆ, ಜಿಲ್ಲಾ ಆಸ್ಪತ್ರೆಗೆ, ವಿಶ್ವವಿದ್ಯಾಲಯಕ್ಕೆ ಉಪಕರಣ ಕೊಳ್ಳುವ ಟೆಂಡರಿನಲ್ಲಿ ಕನಿಷ್ಠ ಐದು ವರ್ಷದ ಕ್ಯಾಲಿಬ್ರೇಷನ್ ವೆಚ್ಚ ಮೊದಲೇ ಸೇರಿರಬೇಕು. ಇಲ್ಲವಾದರೆ ಮೊದಲ ವರ್ಷದ ಸ್ಟಿಕರ್ ಅವಧಿ ಮುಗಿದ ಮೇಲೂ ಉಪಕರಣ ಮೇಜಿನ ಮೇಲೆ ಅಂಕಿ ತೋರಿಸುತ್ತಲೇ ಇರುತ್ತದೆ, ಆ ಅಂಕಿಗೆ ಹೊಣೆಗಾರರು ಇರುವುದಿಲ್ಲ. ಕರ್ನಾಟಕಕ್ಕೆ ಇದು ಕಷ್ಟವಾಗಬಾರದು. ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ.

‘ನಮ್ಮ ಕೆಲಸಕ್ಕೆ ನೂರಕ್ಕೆ ಒಂದು ಪಾಲು ತಪ್ಪಿದರೂ ನಡೆಯುತ್ತದೆ, ಪಿಪಿಎಂ ಯಾರಿಗೆ ಬೇಕು’ ಎಂಬ ವಾದವನ್ನೂ ನ್ಯಾಯವಾಗಿ ತೂಗಬೇಕು. ಅದರಲ್ಲಿ ಅರ್ಧ ನಿಜವಿದೆ. ತರಕಾರಿ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ನೋಡಿ. ಅದರಲ್ಲಿ ತೂಕ ಹಿಡಿಯುವ ಲೋಡ್ ಸೆಲ್‌ಗೆ ಕೊಡುವ ವೋಲ್ಟೇಜನ್ನೇ ಹೋಲಿಕೆಯ ಕಲ್ಲಾಗಿಯೂ ಬಳಸುತ್ತಾರೆ. ವೋಲ್ಟೇಜ್ ಜಾರಿದರೆ ಎರಡು ತಟ್ಟೆಗಳೂ ಒಟ್ಟಿಗೆ ಜಾರುತ್ತವೆ, ತೂಕಕ್ಕೆ ಏನೂ ಆಗುವುದಿಲ್ಲ. ಜಾರಿಕೆಯನ್ನು ವಿನ್ಯಾಸದಲ್ಲೇ ಕಳೆದುಬಿಡುವ ಸೊಗಸಾದ ಉಪಾಯ ಇದು. ಹಾಗಿದ್ದೂ ಲೋಡ್ ಸೆಲ್‌ಗೆ ಬೇರೆ ಬಗೆಯ ವಯಸ್ಸಾಗುತ್ತದೆ. ಕಾನೂನು ಮಾಪನ ಇಲಾಖೆ ಆ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಒತ್ತಬೇಕೆಂಬ ನಿಯಮ ಇರುವುದು ಸರಿಯಾಗಿಯೇ ಇದೆ.

ವಾದದ ಉಳಿದ ಅರ್ಧ ನಿಲ್ಲುವುದಿಲ್ಲ. ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರಿಗೆ ತಕ್ಕಡಿಯ ಉಪಾಯ ಒದಗುವುದಿಲ್ಲ. ಅದು ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆದು ಗುಣಿಸುತ್ತದೆ. ಎರಡನ್ನೂ ಒಂದೇ ರೆಫರೆನ್ಸಿಗೆ ಹೋಲಿಸಿದರೆ ಜಾರಿಕೆ ಇಮ್ಮಡಿಯಾಗುತ್ತದೆ: ರೆಫರೆನ್ಸ್ ನೂರಕ್ಕೆ 0.1 ಜಾರಿದರೆ ಯೂನಿಟ್ ಲೆಕ್ಕ ನೂರಕ್ಕೆ 0.2 ತಪ್ಪುತ್ತದೆ. ಮೀಟರ್ ಚಿಪ್ ತಯಾರಕರ ಮಾಹಿತಿ ಪತ್ರಗಳೇ ಈ ಎಚ್ಚರಿಕೆ ಕೊಡುತ್ತವೆ. ಮನೆ ಮೀಟರಿಗೆ ನೂರಕ್ಕೆ ಒಂದರ ಮಿತಿಯಿರುವಾಗ ಇದು ದೊಡ್ಡದಲ್ಲ ಅನ್ನಿಸಬಹುದು. ಆದರೆ ಒಂದೇ ಬ್ಯಾಚಿನಲ್ಲಿ ತಯಾರಾದ ಲಕ್ಷಾಂತರ ಮೀಟರುಗಳಲ್ಲಿ ಒಂದೇ ಜಾತಿಯ ಚಿಪ್ ಇರುತ್ತದೆ, ಅವೆಲ್ಲ ಒಂದೇ ಬಿಸಿಲು ಮಳೆ ಕಂಡಿರುತ್ತವೆ. ಅವು ಜಾರಿದರೆ ಒಂದೇ ದಿಕ್ಕಿಗೆ ಜಾರುವ ಸಂಭವವೇ ಹೆಚ್ಚು. ನೆರೆಮನೆಯ ಬಿಲ್ ನೋಡಿ ತಾಳೆ ಹಾಕುವ ಗ್ರಾಹಕರಿಗೆ ಆಗ ಏನೂ ತಿಳಿಯದು. ವೆಸ್ಟನ್ ಕೋಶಗಳ ಗುಂಪಿನ ಪಾಡೇ ಇಲ್ಲೂ.

ಗ್ರಾಹಕರ ಮೀಟರನ್ನು ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2006ರಲ್ಲಿ ರೂಪಿಸಿದ ನಿಯಮಾವಳಿ ಹೇಳುತ್ತದೆ. ಪರೀಕ್ಷೆಯ ಉತ್ತರ ‘ಸರಿ’ ಅಥವಾ ‘ಸರಿಯಿಲ್ಲ’ ಎಂಬ ಒಂದು ಗುರುತಿನಲ್ಲಿ ಮುಗಿಯಬಾರದು. ಯಾವ ತಯಾರಿಕೆಯ, ಯಾವ ವರ್ಷದ ಮೀಟರ್ ಎಷ್ಟು ಜಾರಿದೆ ಎಂಬ ಅಂಕಿಯನ್ನೇ ಬರೆದಿಡಬೇಕು. ಗ್ರಾಹಕರ ಹೆಸರಿಲ್ಲದೆ, ಜಿಲ್ಲಾವಾರು, ವಯಸ್ಸುವಾರು ಆ ಪಟ್ಟಿಯನ್ನು ಎಸ್ಕಾಂಗಳು ಪ್ರಕಟಿಸಬೇಕು. ಮಂಗಳೂರಿನ ತೇವದಲ್ಲಿ ಹತ್ತು ವರ್ಷ ಕಳೆದ ಮೀಟರೂ ಕಲಬುರಗಿಯ ಬಿಸಿಲಲ್ಲಿ ಹತ್ತು ವರ್ಷ ಕಳೆದ ಮೀಟರೂ ಹೇಗೆ ವಯಸ್ಸಾಗುತ್ತವೆ ಎಂಬುದು ಊಹೆಯಲ್ಲೇ ಉಳಿಯುವ ಅಗತ್ಯವಿಲ್ಲ.

ಬ್ಯಾಟರಿಗಳ ವಿಷಯದಲ್ಲಿ ಇದು ಇನ್ನೂ ತುರ್ತಿನದು. ಲಿಥಿಯಂ ಐರನ್ ಫಾಸ್ಫೇಟ್ ಕೋಶದ ವೋಲ್ಟೇಜ್ ಬಹುಪಾಲು ಹೊತ್ತು 3.2ರಿಂದ 3.3 ವೋಲ್ಟ್ ನಡುವೆ ಚಪ್ಪಟೆಯಾಗಿ ನಿಂತಿರುತ್ತದೆ. ಅಲ್ಲಿ ಕೆಲವೇ ಮಿಲಿವೋಲ್ಟ್ ತಪ್ಪಾಗಿ ಓದಿದರೂ ಎಷ್ಟು ಚಾರ್ಜ್ ಉಳಿದಿದೆ ಎಂಬ ಅಂದಾಜು ದೂರ ಹೋಗುತ್ತದೆ. ವಾಹನದ ಬ್ಯಾಟರಿಯ ಮೇಲೆ ಕಣ್ಣಿಡುವ ಕೆಲವು ಚಿಪ್ಪುಗಳು ಸಾಮಾನ್ಯ ರೆಫರೆನ್ಸ್ ಬಿಟ್ಟು, ಪ್ರಯೋಗಾಲಯದ ಮೀಟರುಗಳಂತೆ ಒಡಲಲ್ಲಿ ಹುದುಗಿಸಿದ ಝೀನರನ್ನೇ ಬಳಸುತ್ತಿರುವುದು ಈ ಕಾರಣಕ್ಕೆ. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಕೊಡುವ ತಯಾರಕರು ಅದನ್ನು ಅಳೆಯುವ ಚಿಪ್ಪಿನ ಎಂಟು ವರ್ಷದ ಜಾರಿಕೆಯನ್ನೂ ಗ್ರಾಹಕರಿಗೆ ತಿಳಿಸಬೇಕು.

ಕೊನೆಯದು ದೇಶದ ಚಿಪ್ ಕನಸಿನ ಮಾತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚರ್ಚೆಯೆಲ್ಲ ಎಷ್ಟು ನ್ಯಾನೋಮೀಟರ್ ಎಂಬುದರ ಸುತ್ತಲೇ ತಿರುಗುತ್ತದೆ. ವೋಲ್ಟೇಜ್ ರೆಫರೆನ್ಸಿಗೆ ಅತಿ ಸಣ್ಣ ಟ್ರಾನ್ಸಿಸ್ಟರ್ ಬೇಕಿಲ್ಲ. ನಲವತ್ತು ವರ್ಷ ಹಳೆಯ ತಂತ್ರದ ಎಲ್‌ಟಿಝೆಡ್1000 ಇಂದಿಗೂ ಮಾರಾಟವಾಗುತ್ತಿರುವುದೇ ಸಾಕ್ಷಿ. ಬೇಕಾದದ್ದು ಶುದ್ಧವಾದ ಪ್ರಕ್ರಿಯೆ, ಒಳ್ಳೆಯ ಹೊದಿಕೆ, ವರ್ಷಗಟ್ಟಲೆ ಕುಳಿತು ಅಳೆಯುವ ತಾಳ್ಮೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ನೆಲೆಯೂರಿದಾಗಿನಿಂದ ಚಿಪ್ ವಿನ್ಯಾಸ ಬಲ್ಲವರ ದೊಡ್ಡ ಪಡೆಯೇ ಬೆಂಗಳೂರಿನಲ್ಲಿ ಬೆಳೆದಿದೆ. ಯೋಜನೆಯ ಹಣದ ಸಣ್ಣ ಪಾಲನ್ನು ದೀರ್ಘಾವಧಿ ಜಾರಿಕೆಯ ಪರೀಕ್ಷೆಗೆಂದೇ ಎತ್ತಿಟ್ಟರೆ ಈ ನಗರಕ್ಕೆ ಅದು ಹೊಂದುವ ಕೆಲಸ.

ಆ ತಾಳ್ಮೆ ಕಲಿಸಲು ಎಂಜಿನಿಯರಿಂಗ್ ಕಾಲೇಜುಗಳು ಇಂದೇ ಶುರು ಮಾಡಬಹುದು. ಟಿಎಲ್431 ಎಂಬ ಮೂರು ಕಾಲಿನ ರೆಫರೆನ್ಸ್ ಚಿಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅಂಥ ಹತ್ತು ಚಿಪ್, ಜೊತೆಗೆ ಒಂದೆರಡು ಒಳ್ಳೆಯ ಲೋಹದ ಡಬ್ಬಿಯವು, ಕರೆಂಟ್ ಹೋದರೂ ಆರದಂತೆ ಒಂದು ಬ್ಯಾಟರಿ, ಪಕ್ಕದಲ್ಲೊಂದು ಥರ್ಮಾಮೀಟರ್, ತೇವ ಅಳೆಯುವ ಒಂದು ಮೀಟರ್, ರೂಲು ಹಾಕಿದ ಒಂದು ಪುಸ್ತಕ. ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿಗಳು ಮೊದಲ ಸಾಲು ಬರೆಯಲಿ. ಅವರು ಪದವಿ ಮುಗಿಸುವ ಹೊತ್ತಿಗೆ ಆ ಚಿಪ್ಪುಗಳಿಗೆ 35,000 ಗಂಟೆ ತುಂಬಿರುತ್ತದೆ, ನಾಲ್ಕು ಮಳೆಗಾಲ ದಾಟಿರುತ್ತದೆ. ಯಾವ ಚಿಪ್ ಎತ್ತ ಹೊರಟಿದೆ ಎಂಬುದು ಪುಸ್ತಕದ ಗೆರೆಯಲ್ಲಿ ಕಾಣುತ್ತಿರುತ್ತದೆ, ಹೊಸದಾಗಿ ಸೇರಿದವರು ಅದೇ ಪುಟದಲ್ಲಿ ಮುಂದಿನ ಸಾಲು ಬರೆಯುತ್ತಿರುತ್ತಾರೆ.